ವಾಲ್ವ್ ಬಾಡಿಗೆ ಹಾರ್ಡ್ ಅನೊಡೈಜಿಂಗ್ ಬೇಕಾ, ಸಾದಾ ಸಾಕಾ?

ಉದ್ಯಮಬಾಗ್ ವರ್ಕ್‌ಶಾಪ್: ಎಲ್ಲರಿಗೂ ನಮಸ್ಕಾರ. ನಾವು ನ್ಯೂಮ್ಯಾಟಿಕ್ (ಗಾಳಿಯ ಒತ್ತಡದಲ್ಲಿ ಓಡುವ) ವಾಲ್ವ್ ಬಾಡಿ ಮಾಡುತ್ತೇವೆ. ಮಟೀರಿಯಲ್ 6061 ಅಲ್ಯೂಮಿನಿಯಂ, ಬೋರ್ (ಒಳತೂತು) 20 ಎಂಎಂ, ಟಾಲರೆನ್ಸ್ (ಸೈಜಿನಲ್ಲಿ ಬಿಡುವ ವ್ಯತ್ಯಾಸ) ಎಚ್7, ಒಳಗೆ ರಬ್ಬರ್ ಓ-ರಿಂಗ್ ಹಾಕಿದ ಸ್ಪೂಲ್ (ಗಾಳಿಯ ದಾರಿ ಬದಲಿಸುವ ದಂಡ) ಓಡುತ್ತದೆ. ಡ್ರಾಯಿಂಗ್‌ನಲ್ಲಿ ‘ಬ್ಲ್ಯಾಕ್ ಅನೊಡೈಜ್’ ಅಂತ ಅಷ್ಟೇ ಇದೆ, ಅಂದರೆ ಆಸಿಡ್ ಬಾತ್‌ನಲ್ಲಿ (ತೊಟ್ಟಿಯಲ್ಲಿ) ಕರೆಂಟ್ ಹರಿಸಿ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆಸಿ ಕಪ್ಪು ಮಾಡುವುದು. ಪುಣೆಯವರು 50 ಮೈಕ್ರಾನ್ ಹಾರ್ಡ್‌ಗೆ (ದಪ್ಪ, ಗಟ್ಟಿ ಪದರಕ್ಕೆ) ಕೋಟೇಶನ್ ಕೊಟ್ಟಿದ್ದಾರೆ. ರೇಟ್ ನೋಡಿ ಎದೆ ಧಸಕ್ಕೆಂದಿತು. ಸಾದಾ ಮಾಡಿಸಿದರೆ ನಡೆಯುತ್ತಾ?

ಮಚ್ಛೆ ಮಾಸ್ತರ: ನಡೆಯುತ್ತೆ. ಓಡುವುದು ರಬ್ಬರ್ ತಾನೆ, ಕಬ್ಬಿಣ ಅಲ್ಲವಲ್ಲ. ಸಾದಾ ಸಲ್ಫ್ಯೂರಿಕ್ ಆಸಿಡ್, 15 ಮೈಕ್ರಾನ್, ಬ್ಲ್ಯಾಕ್ ಡೈ (ಬಣ್ಣ), ಸೀಲಿಂಗ್ (ಪದರದ ಸಣ್ಣ ರಂಧ್ರ ಮುಚ್ಚುವುದು). ಸುಮ್ನೆ ದುಡ್ಡು ಸುರಿಯಬೇಡಿ.

ಕರದಂಟು ಪ್ರೇಮಿ: ಮಾಸ್ತರ್, ನಾನು ಸಕ್ಕರೆ ಕಾರ್ಖಾನೆಯ ಮೇಂಟೆನೆನ್ಸ್‌ನಲ್ಲಿದ್ದೇನೆ. ಏರ್ ಲೈನ್‌ನಲ್ಲಿ ಬರೀ ಗಾಳಿ ಬರಲ್ಲ. ನೀರು, ತುಕ್ಕಿನ ಪುಡಿ ಎಲ್ಲಾ ಬರುತ್ತೆ. ಆ ಪುಡಿ ಓ-ರಿಂಗ್‌ಗೆ ಅಂಟಿಕೊಂಡು ಬೋರನ್ನು ಉಜ್ಜುತ್ತೆ. ಸೀಸನ್ ನಡುವೆ ವಾಲ್ವ್ ಸೋರಿದರೆ ಬೈಸಿಕೊಳ್ಳುವವರು ನಾವು. ಹಾರ್ಡೇ ಮಾಡಿಸಿ.

ಬಾತ್ ಹತ್ತಿರದವನು: ರೇಟ್ ಯಾಕೆ ಜಾಸ್ತಿ ಅಂತ ಹೇಳುತ್ತೇನೆ. ಸಾದಾ ಬಾತ್ 20 ಡಿಗ್ರಿ ಆಸುಪಾಸು, 12–18 ವೋಲ್ಟ್. ಆಸಿಡ್ ಬೆಚ್ಚಗಾದಷ್ಟೂ ಬೆಳೆಯುತ್ತಿರುವ ಕೋಟಿಂಗನ್ನೇ ಕರಗಿಸುತ್ತೆ. ಅದಕ್ಕೇ ಹಾರ್ಡ್ ಬಾತನ್ನು ಸೊನ್ನೆ ಡಿಗ್ರಿ ಹತ್ತಿರ ಇಡಬೇಕು. ಕರೆಂಟ್ ಎರಡು–ಮೂರು ಪಟ್ಟು ಬಿಡುತ್ತೇವೆ. ಅದರ ಬಿಸಿಯನ್ನೆಲ್ಲ ಚಿಲ್ಲರ್ ಎಳೆಯಬೇಕು. ಅಂದರೆ ಕರೆಂಟ್ ಬಿಲ್ ಎರಡು ಕಡೆಯಿಂದ. ಇನ್ನು ಮಾಸ್ಕಿಂಗ್, ಅಂದರೆ ಕೋಟಿಂಗ್ ಬೇಡವಾದ ಜಾಗ ಮುಚ್ಚುವುದು. ಪ್ರತಿ ಟ್ಯಾಪ್ ಹೋಲ್‌ಗೂ (ಥ್ರೆಡ್ ಇರುವ ತೂತಿಗೂ) ಕೈಯಿಂದ ಸಿಲಿಕೋನ್ ರಬ್ಬರ್ ಪ್ಲಗ್ ಒತ್ತಬೇಕು, ಆ ಕೂಲಿ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಹತ್ತರಗಿ ಕ್ಯೂಸಿ: ರೇಟ್ ಬಿಡಿ, ಸೈಜ್ ನೋಡಿದಿರಾ? ಹಾರ್ಡ್ 50 ಅಂದರೆ ಅರ್ಧ ಒಳಗೆ ಹೋಗುತ್ತೆ, ಅರ್ಧ ಹೊರಗೆ ಬೆಳೆಯುತ್ತೆ. ಪ್ರತಿ ಬದಿಗೆ 25, ಬೋರ್ 50 ಮೈಕ್ರಾನ್ ಚಿಕ್ಕದಾಗುತ್ತೆ. ನಿಮ್ಮ ಎಚ್7 ಟಾಲರೆನ್ಸೇ 21 ಮೈಕ್ರಾನ್! ಈಗಿನ ಸೈಜಿಗೇ ಕೊರೆದು ಕಳಿಸಿದರೆ ಲಾಟ್ ಪೂರ್ತಿ ರಿಜೆಕ್ಟ್. ಸಾದಾ 15ರಲ್ಲಿ ಮೂರನೇ ಒಂದು ಪಾಲು ಮಾತ್ರ ಹೊರಗೆ, ಬೋರ್ ಸುಮಾರು 10 ಇಳಿಯುತ್ತೆ. ಎರಡಕ್ಕೂ ರೀಮರ್ (ಬೋರನ್ನು ಸೈಜಿಗೆ ತರುವ ಟೂಲ್) ಬೇರೆ ಬೇಕು. ಥ್ರೆಡ್‌ನಲ್ಲಂತೂ ಪಿಚ್ ಡಯಾ (ಹಲ್ಲಿನ ನಡುಮಟ್ಟದ ವ್ಯಾಸ) ಹೊರಗೆ ಬೆಳೆದದ್ದರ ನಾಲ್ಕು ಪಟ್ಟು ಬದಲಾಗುತ್ತೆ. ಪ್ಲಗ್ ಹಾಕದಿದ್ದರೆ ಎಂ5 ಬೋಲ್ಟ್ ಏರಲ್ಲ.

ಹೊಸಬ: ಕ್ರೋಮಿಕ್ ಆಸಿಡ್‌ನ ಅನೊಡೈಜಿಂಗ್ ತೆಳು ಅಂತಾರಲ್ಲ, ಅದನ್ನು ಮಾಡಿಸಿದರೆ ಸೈಜ್ ತೊಂದರೆಯೇ ಇರಲ್ಲ ಅಲ್ವಾ?

ಹತ್ತರಗಿ ಕ್ಯೂಸಿ: ತೆಳು ಹೌದು, ಎರಡು–ಮೂರು ಮೈಕ್ರಾನ್. ಅದು ವಿಮಾನದ ಪಾರ್ಟ್‌ಗೆ, ತುಕ್ಕು ತಡೆಯೋಕೆ. ಉಜ್ಜಾಟಕ್ಕೆ ನಿಲ್ಲಲ್ಲ. ಮೇಲಾಗಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಸ್ತು. ಏರೋಸ್ಪೇಸ್‌ನವರೇ ಟಾರ್ಟಾರಿಕ್-ಸಲ್ಫ್ಯೂರಿಕ್ ಆಸಿಡ್ ಕಡೆ ಹೊರಳಿದ್ದಾರೆ.

ಮಚ್ಛೆ ಮಾಸ್ತರ: ಕರದಂಟು ಅಣ್ಣಾ, ಪುಡಿ ಬರುತ್ತಿದ್ದರೆ ಫಿಲ್ಟರ್ ಬದಲಿಸಿ. ಅದರ ಖರ್ಚನ್ನು ವಾಲ್ವ್ ಮಾಡುವವನ ತಲೆಗೆ ಯಾಕೆ ಕಟ್ಟುತ್ತೀರಿ?

ಕರದಂಟು ಪ್ರೇಮಿ: ಬದಲಿಸುತ್ತಾರೆ, ಸೀಸನ್ ಮುಗಿದ ಮೇಲೆ 😀

ಬಾತ್ ಹತ್ತಿರದವನು: ನಡುವಿನ ದಾರಿಯೂ ಇದೆ. ಹಾರ್ಡ್ ಅಂದರೆ 50 ಆಗಲೇಬೇಕು ಅಂತಿಲ್ಲ, 25–30 ಕೇಳಿ. 6061ರಲ್ಲಿ ಹಾರ್ಡ್ ತಾನಾಗೇ ಗಾಢ ಬೂದು ಬರುತ್ತೆ. ಗಿರಾಕಿ ಒಪ್ಪಿದರೆ ಡೈ ಬಿಡಿ. ಡೈ ಹಾಕಿದರೆ ಸೀಲ್ ಮಾಡಬೇಕು, ಕುದಿಯುವ ನೀರಿನ ಸೀಲಿಂಗ್‌ಗೆ ಕೋಟಿಂಗ್ ಸ್ವಲ್ಪ ಮೆತ್ತಗಾಗುತ್ತೆ. ಗಟ್ಟಿತನಕ್ಕೆ ದುಡ್ಡು ಕೊಟ್ಟು ಅದನ್ನೇ ಕಳೆದುಕೊಂಡ ಹಾಗೆ.

ಉದ್ಯಮಬಾಗ್ ವರ್ಕ್‌ಶಾಪ್: ಎಂಡ್ ಕವರ್ ಎಲ್‌ಎಂ24 ಅಲ್ಯೂಮಿನಿಯಂ ಮಿಶ್ರಲೋಹದ ಡೈ ಕಾಸ್ಟಿಂಗ್ (ಅಚ್ಚಿನಲ್ಲಿ ಎರಕ ಹೊಯ್ದದ್ದು). ಅದನ್ನೂ ಇದೇ ಲಾಟ್‌ನಲ್ಲಿ ಕಳಿಸಲಾ?

ಬಾತ್ ಹತ್ತಿರದವನು: ಬೇಡವೇ ಬೇಡ. ಸಿಲಿಕಾನ್, ತಾಮ್ರ ಎರಡೂ ಜಾಸ್ತಿ. ಕಪ್ಪು ಬರಲ್ಲ, ಮಾಸಲು ಕಲೆ ಕಲೆ ಬರುತ್ತೆ. ಅಲ್ಲಿ ಏನೂ ಉಜ್ಜಲ್ಲ, ಪೌಡರ್ ಕೋಟ್ ಸಾಕು.

ಉದ್ಯಮಬಾಗ್ ವರ್ಕ್‌ಶಾಪ್: ಸರಿ. ಮೈಕ್ರಾನ್ ಎಷ್ಟು, ಸೈಜ್ ಕೋಟಿಂಗ್ ಮುಂಚಿನದೋ ನಂತರದ್ದೋ, ಎರಡನ್ನೂ ಗಿರಾಕಿಯಿಂದ ಬರೆಸಿಕೊಳ್ಳುತ್ತೇನೆ.

ಹತ್ತರಗಿ ಕ್ಯೂಸಿ: ಜಿಗ್ (ಬಾತ್‌ನಲ್ಲಿ ಪಾರ್ಟ್ ಹಿಡಿಯುವ ಹಿಡಿಕೆ) ಹಿಡಿದ ಗುರುತು ಎಲ್ಲಿ ಬಂದರೆ ನಡೆಯುತ್ತೆ ಅಂತಲೂ ಬರೆಸಿ. ಆ ಜಾಗದಲ್ಲಿ ಕೋಟಿಂಗ್ ಕೂರಲ್ಲ. ಚೂಪು ಮೂಲೆ ಇದ್ದರೆ ಮೊದಲೇ ರೇಡಿಯಸ್ ಕೊಡಿ, ಇಲ್ಲದಿದ್ದರೆ ಹಾರ್ಡ್ ಅಲ್ಲೇ ಸೀಳುತ್ತೆ.