ಅಪ್‌ಡೇಟ್: ಮೂರೂ ಕಡೆ ಕ್ರೆಡಿಟ್ ಫ್ರೀಜ್ ಮಾಡಿದೆ

ಹೆಲ್ತ್ ಇನ್ಶೂರೆನ್ಸ್ ಕಂಪನಿಯಿಂದ ನಮ್ಮ ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದಲ್ಲಿ ನಮ್ಮನ್ನು ಗುರುತಿಸುವ ಸರ್ಕಾರಿ ಸಂಖ್ಯೆ) ಸೋರಿಹೋಗಿದೆ, ಫ್ರೀಜ್ ಮಾಡಲೋ ಫ್ರಾಡ್ ಅಲರ್ಟ್ ಸಾಕೋ ಅಂತ ಕೇಳಿದ್ದೆನಲ್ಲ, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಫ್ರೀಜ್ ಮಾಡಿಬಿಟ್ಟೆ. ಅಂದರೆ ನಮ್ಮ ಸಾಲದ ದಾಖಲೆ ಇಡುವ ಮೂರೂ ಕಂಪನಿಗಳಲ್ಲಿ, ಹೊಸದಾಗಿ ಸಾಲ ಕೊಡುವವರು ಆ ದಾಖಲೆ ನೋಡದಂತೆ ಬಂದ್ ಮಾಡಿಸಿದೆ.

ಇಷ್ಟು ದಿನ ತಡೆದಿದ್ದು ಮನೆ ಸಾಲದ ಯೋಚನೆ. ಮುಂದಿನ ವರ್ಷ ಇಲ್ಲೇ ನ್ಯೂಜೆರ್ಸಿಯಲ್ಲಿ ಮನೆ ನೋಡಬೇಕು. ಫ್ರೀಜ್ ಮಾಡಿದರೆ ಕ್ರೆಡಿಟ್ ಸ್ಕೋರ್ ಬೀಳುತ್ತೆ ಅಂತ ಆಫೀಸಿನಲ್ಲಿ ಯಾರೋ ಹೆದರಿಸಿದ್ದರು. ಬೀಳಲ್ಲ. ಅರ್ಜಿ ಹಾಕುವಾಗ ಕೆಲವು ದಿನದ ಮಟ್ಟಿಗೆ ತೆಗೆಸಬಹುದು. ಆನ್‌ಲೈನ್‌ನಲ್ಲೋ ಫೋನಿನಲ್ಲೋ ಕೇಳಿದರೆ ಒಂದು ಗಂಟೆಯೊಳಗೆ ತೆಗೆಯಲೇಬೇಕು ಅಂತ ಇಲ್ಲಿನ ಕಾನೂನೇ ಹೇಳುತ್ತೆ. 2018ರ ಸೆಪ್ಟೆಂಬರ್‌ನಿಂದ ಹಾಕಿಸುವುದಕ್ಕೂ ತೆಗೆಸುವುದಕ್ಕೂ ಕಾಸು ಕೊಡಬೇಕಿಲ್ಲ. ಹಾಗಾಗಿ ಫ್ರೀಜ್‌ನಂಥದ್ದೇ ‘ಲಾಕ್’ ಅನ್ನೋ ಸೇವೆಯನ್ನು ದುಡ್ಡು ಕೊಟ್ಟು ತಗೊಳ್ಳಿ ಅನ್ನೋ ಜಾಹೀರಾತು ಕಂಡರೆ ಸುಮ್ಮನೆ ಮುಂದೆ ಹೋಗಿ.

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಕಂಪನಿಗಳಿಗೆ ಬೇರೆಬೇರೆಯಾಗಿ ಹೇಳಬೇಕು, ಅದೊಂದು ರೇಜಿಗೆ. ಫ್ರಾಡ್ ಅಲರ್ಟ್ ಆದರೆ ಒಬ್ಬರಿಗೆ ಹೇಳಿದರೆ ಸಾಕು, ಅವರೇ ಉಳಿದಿಬ್ಬರಿಗೆ ತಿಳಿಸುತ್ತಾರೆ. ಆದರೆ ಅದರ ಆಯಸ್ಸು ಒಂದೇ ವರ್ಷ. ಮೇಲಾಗಿ ಅದು ಸಾಲ ಕೊಡುವವರಿಗೆ ‘ವಿಚಾರಿಸಿ ಕೊಡಿ’ ಅನ್ನುತ್ತೆ ಅಷ್ಟೇ, ಬಾಗಿಲು ಹಾಕಲ್ಲ.

ಫ್ರೀಜ್ ತಡೆಯೋದು ನಮ್ಮ ಹೆಸರಲ್ಲಿ ಹೊಸ ಸಾಲ, ಹೊಸ ಕಾರ್ಡ್ ತೆಗೆಯೋದನ್ನ. ಈಗಿರುವ ಕಾರ್ಡ್ ಉಜ್ಜಿದರೆ ಅದಕ್ಕೆ ಗೊತ್ತೇ ಆಗಲ್ಲ. ನಮ್ಮ ಹೆಸರಲ್ಲಿ ಟ್ಯಾಕ್ಸ್ ರಿಟರ್ನ್ ಹಾಕಿ ರೀಫಂಡ್ ಹೊಡೆಯೋದಕ್ಕೂ ಅಡ್ಡಿ ಇಲ್ಲ. ಅದಕ್ಕೆ ಐಆರ್‌ಎಸ್ (ಇಲ್ಲಿನ ತೆರಿಗೆ ಇಲಾಖೆ) ಕೊಡುವ ಆರಂಕಿಯ ಐಪಿ ಪಿನ್, ಅಂದರೆ ರಿಟರ್ನ್ ಹಾಕುತ್ತಿರುವುದು ನಾವೇ ಅಂತ ತೋರಿಸುವ ಗುಟ್ಟಿನ ಸಂಖ್ಯೆ, ತಗೊಂಡೆ. ಪ್ರತಿ ವರ್ಷ ಬದಲಾಗುತ್ತೆ.

ಮಗಳಿಗಿನ್ನೂ 16 ತುಂಬಿಲ್ಲ, ಅವಳ ಹೆಸರಿನ ಫ್ರೀಜ್ ನಾವೇ ಮಾಡಿಸಬೇಕು. ಜನನ ಪ್ರಮಾಣಪತ್ರದ ಪ್ರತಿ ಇಟ್ಟು ಅಂಚೆಯಲ್ಲಿ ಕಳಿಸೋದು ಈ ವಾರದ ಕೆಲಸ.