ಬಂಕ್ ಬಾಯ್ಕಾಟ್ ಮಾಡಿದರೆ ಪೆಟ್ಟು ಬೀಳುವುದು ಯಾರಿಗೆ?

ಪೆರ್ಲದ ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನದೊಂದು ಪಿಕಪ್ ಉಂಟು. ಅಡಿಕೆ, ಸಿಮೆಂಟು, ಮದುವೆ ಮನೆಯ ಪಾತ್ರೆ, ಯಾವ ಬಾಡಿಗೆ ಸಿಕ್ಕಿದರೂ ಹೋಗುತ್ತೇನೆ. ಪೆರ್ಲ, ಬದಿಯಡ್ಕ, ಕಾಸರಗೋಡು ಅಂತ ದಿನಾ ಓಡಾಟ.

ವಿಷಯ ಏನೆಂದರೆ, ನನ್ನ ಫೋನಿನಲ್ಲಿ ಎರಡು ವಾಟ್ಸಾಪ್ ಗುಂಪುಗಳಲ್ಲಿ ಎರಡು ಥರದ ಫಾರ್ವರ್ಡ್ ಓಡುತ್ತಿದೆ. ಒಂದರಲ್ಲಿ, ರಷ್ಯಾದ ಪಾಲು ಇರುವ ಬಂಕಿಗೆ ಹೋಗಬೇಡಿ, ನಿಮ್ಮ ದುಡ್ಡು ಉಕ್ರೇನ್ ಯುದ್ಧಕ್ಕೆ ಹೋಗುತ್ತದೆ ಅಂತ. ಇನ್ನೊಂದರಲ್ಲಿ, ಅಮೆರಿಕ 2025ರಲ್ಲಿ ನಮ್ಮ ಸಾಮಾನಿಗೆ 50% ಸುಂಕ ಹಾಕಿತ್ತು, ಆ ಕಡೆಯ ಕಂಪನಿಗಳ ಪೆಟ್ರೋಲು ಡೀಸೆಲು ಮುಟ್ಟಬೇಡಿ ಅಂತ. ಅದರಲ್ಲಿ ಬ್ರಿಟನ್ ಕಂಪನಿಗಳ ಹೆಸರೂ ಉಂಟು, ಅದು ಯಾಕೆ ಅಂತ ಕೇಳಿದರೆ "ಎಲ್ಲ ಒಂದೇ" ಅಂತ ಉತ್ತರ. ಎರಡೂ ಗುಂಪಿನ ಮಾತು ಕೇಳಿದರೆ ನಾನು ಪಿಕಪ್ ತಳ್ಳಿಕೊಂಡು ಕಾಸರಗೋಡಿಗೆ ಹೋಗಬೇಕಷ್ಟೆ.

ನಾನು ಮಾಮೂಲಿಯಾಗಿ ಡೀಸೆಲ್ ಹಾಕಿಸುವ ಬಂಕಿನ ಹೆಸರು ಆ ಪಟ್ಟಿಯಲ್ಲಿ ಉಂಟು. ಓನರ್ ನಮ್ಮೂರವರೇ. ಬಾಡಿಗೆ ದುಡ್ಡು ಬರುವುದು ತಡವಾದರೆ ಪುಸ್ತಕದಲ್ಲಿ ಬರೆದಿಟ್ಟು ಹಾಕಿ ಕೊಡುತ್ತಾರೆ. ಈಗ ನಾನು ಬೇರೆ ಕಡೆ ಹೋದರೆ ಅದು ನಿಜವಾಗಿ ಯಾರಿಗೆ ತಾಗುತ್ತದೆ? ಆ ದೇಶಕ್ಕೋ, ಕಂಪನಿಗೋ, ಇವರಿಗೋ? ಜಗಳ ಬೇಡ, ಗೊತ್ತಿದ್ದವರು ಹೇಳಿ.

ಕುಂಬಳೆ ಲೆಕ್ಕಪತ್ರ:

ನಾನು ಬಂಕೊಂದರಲ್ಲಿ ಲೆಕ್ಕ ಬರೆಯುವವನು. ಯಾವ ಕಂಪನಿ ಅಂತ ಕೇಳಬೇಡಿ.

ಟ್ಯಾಂಕರ್ ಬಂದ ಕೂಡಲೇ ನಾವು ಮಾಡುವ ಕೆಲಸ ಹೇಳುತ್ತೇನೆ. ಮೊದಲು ಸೀಲ್ ನೋಡುವುದು. ಆಮೇಲೆ ಗಾಜಿನ ಜಾರಿಗೆ ಸ್ವಲ್ಪ ತೆಗೆದು ಹೈಡ್ರೋಮೀಟರ್ ಇಳಿಸಿ, ಥರ್ಮಾಮೀಟರ್ ಇಟ್ಟು, 15 ಡಿಗ್ರಿಗೆ ಲೆಕ್ಕ ಹಾಕುವುದು. ಇನ್‌ವಾಯ್ಸಿನಲ್ಲಿರುವ ಡೆನ್ಸಿಟಿಗೂ ನಮಗೆ ಸಿಕ್ಕಿದ್ದಕ್ಕೂ ಘನ ಮೀಟರಿಗೆ 3 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಇಳಿಸಿಕೊಳ್ಳುವ ಹಾಗಿಲ್ಲ. ಆ ಇನ್‌ವಾಯ್ಸಿನಲ್ಲಿ ಲೋಡ್ ಎಲ್ಲಿಂದ ಹೊರಟಿತು, ಎಷ್ಟು ಲೀಟರ್, ಗಾಡಿ ನಂಬರ್ ಎಲ್ಲ ಇರುತ್ತದೆ. ಕಚ್ಚಾ ತೈಲ ಯಾವ ದೇಶದ್ದು ಅನ್ನುವ ಕಾಲಂ ಮಾತ್ರ ಇಲ್ಲ. ಇರಲಿಕ್ಕೆ ಸಾಧ್ಯವೂ ಇಲ್ಲ.

ಯಾಕೆಂದರೆ ಎಲ್ಲ ಕಲಸಿ ಹೋಗಿರುತ್ತದೆ ಮಾರಾಯ್ರೆ. ಹತ್ತು ಮನೆಯ ಹಾಲು ಸೊಸೈಟಿ ಕ್ಯಾನಿಗೆ ಬಿದ್ದ ಮೇಲೆ ಇದು ಯಾರ ಮನೆಯ ದನದ್ದು ಅಂತ ಕೇಳಿದ ಹಾಗೆ. ಸುರತ್ಕಲ್ಲಿನ ಎಂಆರ್‌ಪಿಎಲ್ ತೈಲ ರಿಫೈನರಿ ತೆಗೆದುಕೊಳ್ಳಿ. ವರ್ಷಕ್ಕೆ 1.5 ಕೋಟಿ ಟನ್ ಸಂಸ್ಕರಿಸುವ ಸಾಮರ್ಥ್ಯ. ಒಂದು ಕಾಲದಲ್ಲಿ ಇರಾನ್ ತೈಲ ನಮ್ಮ ದೇಶದಲ್ಲಿ ಜಾಸ್ತಿ ಕೊಳ್ಳುತ್ತಿದ್ದವರೇ ಅವರು. 2019ರಲ್ಲಿ ಅಮೆರಿಕದ ಒತ್ತಡದಿಂದ ಇಡೀ ದೇಶವೇ ಇರಾನ್‌ನಿಂದ ತರಿಸುವುದು ನಿಲ್ಲಿಸಿತು. 2022ರ ನಂತರ ರಷ್ಯಾದ್ದು ಅಗ್ಗಕ್ಕೆ ಸಿಕ್ಕಿತು, ಸರಕಾರಿ ಕಂಪನಿಗಳೂ ಖಾಸಗಿಯವರೂ ತರಿಸಿದರು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ಪಾಲು ಲೆಕ್ಕಕ್ಕೇ ಇರಲಿಲ್ಲ, ಆಮೇಲೆ ಮೂರನೇ ಒಂದಕ್ಕಿಂತ ಮೇಲೆ ಹೋಯಿತು. ಮತ್ತೆ ಕಂಪನಿಗಳು ಒಬ್ಬರ ರಿಫೈನರಿಯಿಂದ ಇನ್ನೊಬ್ಬರು ಎತ್ತುವುದು ಮಾಮೂಲು. ರಿಫೈನರಿ ಹತ್ತಿರ ಇದ್ದರೆ ದೂರದಿಂದ ಯಾರು ಸಾಗಿಸುತ್ತಾರೆ ಹೇಳಿ? ಹಾಗಾಗಿ ನೀವು ಬೋರ್ಡ್ ನೋಡಿ ರಷ್ಯಾವನ್ನು ಬಿಟ್ಟು ಪಕ್ಕದ ಬಂಕಿಗೆ ಹೋದರೆ ಅಲ್ಲಿಯೂ ರಷ್ಯಾವೇ ಸಿಗಬಹುದು. ಪೆಟ್ರೋಲ್ ಗಾಡಿಯಾದರೆ ಅದರಲ್ಲಿ ಐದನೇ ಒಂದು ಪಾಲು ಎಥೆನಾಲ್ ಬೇರೆ, ಅದು ನಮ್ಮದೇ ಕಬ್ಬು, ಮೆಕ್ಕೆಜೋಳ, ಅಕ್ಕಿ. ಅದನ್ನು ಯಾವ ಗುಂಪಿನವರು ಬಾಯ್ಕಾಟ್ ಮಾಡುತ್ತಾರೋ ನೋಡೋಣ.

ಇನ್ನು ಓನರ್ ವಿಷಯ. ಅವರು ದುಡ್ಡು ಮೊದಲೇ ಕಟ್ಟಿ ಲೋಡ್ ತರಿಸುತ್ತಾರೆ. ಸಿಗುವುದು ಲೀಟರಿಗೆ ಮೂರ್ನಾಲ್ಕು ರೂಪಾಯಿಯ ಆಸುಪಾಸಿನ ಕಮಿಷನ್, ಅದರಲ್ಲೇ ಹುಡುಗರ ಸಂಬಳ, ಕರೆಂಟು, ಆವಿಯಾಗಿ ಹೋದ ನಷ್ಟ. ಮಾರಾಟ ಕಮ್ಮಿಯಾದರೆ ಕಂಪನಿ ಆ ಎಣ್ಣೆಯನ್ನು ಇನ್ನೊಬ್ಬರಿಗೆ ಮಾರುತ್ತದೆ. ಇವರು ಯಾರಿಗೆ ಮಾರುವುದು?

ಉಪ್ಪಳ ಟು ಶಾರ್ಜಾ:

ಮೇಲಿನವರು ಹೇಳಿದ್ದು ಸರಿ. ಅಮೆರಿಕದಲ್ಲೇ ಇದು ಎರಡು ಮೂರು ಸಲ ಆಗಿದೆ, ಅದನ್ನು ನೋಡಿದರೆ ಗೊತ್ತಾಗುತ್ತದೆ.

ಸಿಟ್ಗೋ ಅಂತ ಅಲ್ಲಿ ಒಂದು ಪೆಟ್ರೋಲ್ ಬ್ರಾಂಡ್. ಹೆಸರು ಹಳೆಯ ಅಮೆರಿಕನ್ನೇ, ಆದರೆ 1990ರ ಹೊತ್ತಿಗೆ ಪೂರ್ತಿಯಾಗಿ ವೆನೆಜುವೆಲಾ ಸರಕಾರಿ ತೈಲ ಕಂಪನಿಯ ಕೈಗೆ ಬಂತು. 2006ರ ಸೆಪ್ಟೆಂಬರಿನಲ್ಲಿ ವೆನೆಜುವೆಲಾದ ಆಗಿನ ಅಧ್ಯಕ್ಷ ಚಾವೇಜ್ ವಿಶ್ವಸಂಸ್ಥೆಯಲ್ಲಿ ನಿಂತು ಅಮೆರಿಕದ ಅಧ್ಯಕ್ಷ ಬುಷ್‌ರನ್ನು ದೆವ್ವ ಅಂತ ಕರೆದರು, ನಿನ್ನೆ ಇಲ್ಲಿಗೆ ಬಂದಿತ್ತು, ಇನ್ನೂ ಗಂಧಕದ ವಾಸನೆ ಬರುತ್ತಿದೆ ಅಂದರು. ಸಿಟ್ಟು ಬಂತು ನೋಡಿ ಜನಕ್ಕೆ, ಸಿಟ್ಗೋಗೆ ಹೋಗಬೇಡಿ ಅಂತ ಶುರು. ಬಂಕ್ ನಡೆಸುವವರು ಅಲ್ಲಿನ ಊರಿನವರು, ರಿಫೈನರಿಗಳು ಲೂಸಿಯಾನಾ, ಟೆಕ್ಸಾಸ್, ಇಲಿನಾಯ್‌ನಲ್ಲಿ, ಕೆಲಸದವರು ಅಮೆರಿಕದವರು. ಅದೇ ಕಂಪನಿ ಆಗ ಅಲ್ಲಿನ ಬಡವರ ಮನೆಗಳಿಗೆ ಚಳಿಗಾಲದಲ್ಲಿ ಅಗ್ಗದ ದರಕ್ಕೆ ಎಣ್ಣೆ ಕೊಡುತ್ತಿತ್ತು, ಅದು ಇನ್ನೊಂದು ತಮಾಷೆ. ಚಾವೇಜ್ ತಾನು ಸಾಯುವವರೆಗೂ ಕುರ್ಚಿಯಲ್ಲೇ ಇದ್ದರು.

2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ತೈಲ ಕಂಪನಿ ಲುಕಾಯಿಲ್ ಸರದಿ. ನ್ಯೂಜೆರ್ಸಿಯ ನ್ಯೂವಾರ್ಕ್ ನಗರಸಭೆ ಅಲ್ಲಿನ ಲುಕಾಯಿಲ್ ಬಂಕ್‌ಗಳ ಲೈಸೆನ್ಸ್ ಅಮಾನತು ಮಾಡಬೇಕು ಅಂತ ನಿರ್ಣಯ ಮಾಡಿತು. ಆ ಬಂಕ್‌ಗಳನ್ನು ನಡೆಸುತ್ತಿದ್ದವರು ರಷ್ಯಾದವರಲ್ಲ, ಆ ಕಂಪನಿಯ ಬೋರ್ಡ್ ಹಾಕಿಕೊಂಡು ಸಿಕ್ಕಿಬಿದ್ದವರು. ಯುದ್ಧ ಬೇಗ ಮುಗಿಯಲಿ ಅಂತ ಬಾಯಿಬಿಟ್ಟು ಹೇಳಿದ ಕೆಲವೇ ರಷ್ಯನ್ ಕಂಪನಿಗಳಲ್ಲಿ ಲುಕಾಯಿಲ್ ಒಂದು, 2022ರ ಮಾರ್ಚ್‌ನಲ್ಲೇ ಹೇಳಿತ್ತು. ಕಡೆಗೆ ಆ ಕಂಪನಿಗೆ ನಿಜವಾದ ಏಟು ಬಿದ್ದದ್ದು 2025ರ ಅಕ್ಟೋಬರಿನಲ್ಲಿ ಅಮೆರಿಕ ಸರಕಾರವೇ ನಿರ್ಬಂಧ ಹಾಕಿದಾಗ. ಸ್ಕೂಟರಿನವ ಬೇರೆ ಬಂಕಿಗೆ ಹೋದ ಅಂತ ಅಲ್ಲ.

ನಮ್ಮಲ್ಲಿ ನಯಾರಾ ಕಂಪನಿಯ ಬಂಕ್‌ಗಳದ್ದೂ ಅದೇ ಕತೆ. ಮೊದಲು ಎಸ್ಸಾರ್ ಆಗಿತ್ತು, 2017ರಲ್ಲಿ ಕೈ ಬದಲಾಯಿತು, ರಷ್ಯಾದ ರೋಸ್‌ನೆಫ್ಟ್‌ಗೆ 49.13% ಪಾಲು. ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ. 2025ರ ಜುಲೈಯಲ್ಲಿ ಯುರೋಪಿನ ಒಕ್ಕೂಟ ನಿರ್ಬಂಧ ಹಾಕಿತು. ಯುರೋಪಿನವರ ಕಣ್ಣಿಗೆ ಅದು ರಷ್ಯಾ, ಆ ಬಂಕಿನಲ್ಲಿ ಪೈಪ್ ಹಿಡಿದು ನಿಂತವನು ನಮ್ಮ ಊರ ಹುಡುಗ.

ಮುಳ್ಳೇರಿಯ ಮಾಷ್ಟ್ರು:

ಎಲ್ಲರೂ ಸೇರಿ ಬಹಿಷ್ಕಾರ ಅಂದರೆ ವೇಸ್ಟ್ ಅಂತ ತೀರ್ಮಾನ ಮಾಡಿದ ಹಾಗೆ ಕಾಣುತ್ತದೆ. ಹಾಗೆ ತಳ್ಳಿಹಾಕಬೇಡಿ. ವಿದೇಶಿ ಬಟ್ಟೆ ಸುಟ್ಟ ದೇಶದವರು ನಾವು.

1995ರಲ್ಲಿ ಶೆಲ್ ಕಂಪನಿ ಬ್ರೆಂಟ್ ಸ್ಪಾರ್ ಅನ್ನುವ ಹಳೆಯ ತೈಲ ಸಂಗ್ರಹದ ತೊಟ್ಟಿಯನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಮುಳುಗಿಸಲಿಕ್ಕೆ ಹೊರಟಿತ್ತು. ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಅದನ್ನು ಹತ್ತಿ ಕುಳಿತರು, ಜರ್ಮನಿಯ ಜನ ಶೆಲ್ ಬಂಕ್‌ಗಳಿಗೆ ಹೋಗುವುದನ್ನೇ ಬಿಟ್ಟರು. ಜೂನ್ ಮುಗಿಯುವುದರೊಳಗೆ ಕಂಪನಿ ಯೋಜನೆ ಕೈಬಿಟ್ಟಿತು. ಇದು ಪೆಟ್ರೋಲ್ ಬಂಕ್ ಬಹಿಷ್ಕಾರವೇ ಅಲ್ವಾ? ದಕ್ಷಿಣ ಆಫ್ರಿಕಾದ ವರ್ಣಭೇದದ ಕಾಲದಲ್ಲೂ 1986ರಿಂದ ಅಮೆರಿಕದ ಕಾರ್ಮಿಕ ಸಂಘಟನೆಗಳು ಶೆಲ್ ಬೇಡ ಅಂತ ಚಳವಳಿ ಮಾಡಿದವು. ತನ್ನ ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಫಲ ಸಿಗುತ್ತದೋ ಇಲ್ಲವೋ ಅದು ಆಮೇಲಿನ ಪ್ರಶ್ನೆ.

ಉಪ್ಪಳ ಟು ಶಾರ್ಜಾ:

ಮಾಷ್ಟ್ರೇ, ನೀವು ಕೊಟ್ಟ ಎರಡು ಉದಾಹರಣೆಯನ್ನೇ ಪಕ್ಕ ಪಕ್ಕ ಇಟ್ಟು ನೋಡಿ. ಬ್ರೆಂಟ್ ಸ್ಪಾರ್‌ನಲ್ಲಿ ಜನ ಕೇಳಿದ್ದು ಒಂದೇ, ಅದನ್ನು ಮುಳುಗಿಸಬೇಡಿ. ಅದು ಶೆಲ್ ಕೈಯಲ್ಲೇ ಇದ್ದ ಕೆಲಸ, ಬೆಳಿಗ್ಗೆ ತೀರ್ಮಾನ ಮಾಡಿದರೆ ಸಂಜೆಗೆ ಆಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅಷ್ಟು ವರ್ಷ ಬಹಿಷ್ಕಾರ ನಡೆದರೂ ಶೆಲ್ ಅಲ್ಲೇ ಉಳಿಯಿತು. 1989ರಲ್ಲಿ ಬಿಟ್ಟು ಹೋದದ್ದು ಅಮೆರಿಕದ ತೈಲ ಕಂಪನಿ ಮೊಬಿಲ್, ಅದೂ ಅಮೆರಿಕ ತೆರಿಗೆ ಕಾನೂನು ಬದಲಾಯಿಸಿ ಅಲ್ಲಿನ ಲಾಭಕ್ಕೆ ಎರಡೆರಡು ಕಡೆ ತೆರಿಗೆ ಬಿದ್ದ ಮೇಲೆ. ಯುದ್ಧ ನಿಲ್ಲಿಸಿ, ಸುಂಕ ಇಳಿಸಿ ಅಂತ ಬಂಕಿನ ಮೇಲೆ ಸಿಟ್ಟು ತೋರಿಸಿದರೆ, ಕಂಪನಿಯವನು ಒಪ್ಪಿದರೂ ಅವನಿಂದ ಆಗುವ ಕೆಲಸ ಅಲ್ಲ ಅದು.

ಮುಳ್ಳೇರಿಯ ಮಾಷ್ಟ್ರು:

ಮೊಬಿಲ್ ವಿಷಯ ಒಪ್ಪಿದೆ. ಆದರೆ ಆ ತೆರಿಗೆ ಕಾನೂನು ಸುಮ್ನೆ ಆಕಾಶದಿಂದ ಬಿತ್ತಾ? ಬೀದಿಯಲ್ಲಿ ಗಲಾಟೆ ಎದ್ದದ್ದಕ್ಕೇ ಅಲ್ಲಿನ ಸಂಸತ್ತಿನ ಕಿವಿಗೆ ಬಿತ್ತು. ನಿಮ್ಮ ಲೆಕ್ಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಗಡಿಯಾಚೆ ಈಚೆ:

ಇಷ್ಟು ದೊಡ್ಡ ದೊಡ್ಡ ಮಾತು ಎಂತಕ್ಕೆ? ನಮ್ಮ ಮಂಜೇಶ್ವರದವರು ದಿನಾ ಮಾಡುವ ಬಾಯ್ಕಾಟ್ ಒಂದೇ, ಕೇರಳದ ರೇಟಿನದ್ದು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಲೀಟರಿಗೆ ನಾಲ್ಕು ರೂಪಾಯಿ ಆಸುಪಾಸು ಕಮ್ಮಿ. 2023ರ ಏಪ್ರಿಲ್‌ನಿಂದ ಇಲ್ಲಿ ಎರಡು ರೂಪಾಯಿ ಸೆಸ್ ಬೇರೆ ಹಾಕಿದ್ದಾರೆ. ಮಂಗಳೂರಿಗೆ ಹೋದವರು ಟ್ಯಾಂಕ್ ತುಂಬಿಸದೆ ವಾಪಸ್ ಬರುವುದುಂಟಾ? ಪೆರ್ಲದವರೂ ಗಡಿಯಾಚೆಯ ಅಡ್ಯನಡ್ಕಕ್ಕೆ ಹೋಗಿ ಹಾಕಿಸುತ್ತಾರೆ, ಸುಳ್ಳಾ ಪಿಕಪ್ ಅಣ್ಣ? ಆಗ ಯಾರಿಗೂ ಯಾವ ದೇಶದ ಕಂಪನಿ ಅಂತ ನೆನಪಾಗುವುದಿಲ್ಲ. ಗಡಿಯ ಈಚೆ ಬದಿಯ ಬಂಕಿನವರಿಗೆ ಯುದ್ಧಕ್ಕಿಂತ ದೊಡ್ಡ ಹೊಡೆತ ಅದು.

ಪೆರ್ಲದ ಪಿಕಪ್:

ಅಡ್ಯನಡ್ಕದ ವಿಷಯ ಸುಳ್ಳಲ್ಲ, ವಿಟ್ಲ ಕಡೆ ಬಾಡಿಗೆ ಸಿಕ್ಕಿದ ದಿನ ಅಲ್ಲೇ ಹಾಕಿಸುವುದು. ಆದರೆ ಸಾಲ ಬರೆದು ಕೊಡುವುದು ಈಚೆಯವರು, ಹಾಗಾಗಿ ಪೂರ್ತಿ ಬಿಡಲಿಕ್ಕೆ ಆಗುವುದಿಲ್ಲ.

ಮಾಷ್ಟ್ರು ಹೇಳಿದ್ದು ಮನಸ್ಸಿಗೆ ತಾಗಿತು. ನನಗೂ ಆ ಯುದ್ಧದ ಫೋಟೋ ನೋಡಿದರೆ ಊಟ ಸೇರುವುದಿಲ್ಲ. ಏನಾದರೂ ಮಾಡಬೇಕು ಅಂತ ಇದ್ದವನು, ಊರವರ ಹೊಟ್ಟೆಗೆ ಹೊಡೆಯದೆ, ಕಂಪನಿಗೆ ಮಾತ್ರ ತಾಗುವ ಹಾಗೆ ಮಾಡಲಿಕ್ಕೆ ದಾರಿ ಉಂಟಾ?

ಕುಂಬಳೆ ಲೆಕ್ಕಪತ್ರ:

ಉಂಟು, ಯಾರೂ ಫಾರ್ವರ್ಡ್ ಮಾಡುವುದಿಲ್ಲ ಅಷ್ಟೆ. ಎಂಜಿನ್ ಆಯಿಲ್ ನೋಡಿ. ಡೀಸೆಲ್ ಎಲ್ಲರದ್ದೂ ಒಂದೇ ಸ್ಟಾಂಡರ್ಡಿನದ್ದು, ಆಯಿಲ್ ಡಬ್ಬಿಯಲ್ಲಿ ಮಾತ್ರ ಬ್ರಾಂಡ್ ಅಂದರೆ ನಿಜವಾಗಿ ಬ್ರಾಂಡ್. ಅವರವರು ಬೆರೆಸುವ ಕೆಮಿಕಲ್ ಬೇರೆ, ಲೀಟರಿನ ಮೇಲೆ ಕಂಪನಿಗೆ ಉಳಿಯುವ ಲಾಭವೂ ಡೀಸೆಲ್ಲಿಗಿಂತ ಎಷ್ಟೋ ಜಾಸ್ತಿ. ವಿದೇಶಿ ಹೆಸರಿನ ಡಬ್ಬಿ ಬೇಡ ಅನಿಸಿದರೆ ಇಂಡಿಯನ್ ಆಯಿಲ್‌ನ ಸರ್ವೋ ಉಂಟು, ಭಾರತ್ ಪೆಟ್ರೋಲಿಯಂನ ಮ್ಯಾಕ್ ಉಂಟು. ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವ ಗ್ರೇಡ್ ಅಂತ ಬರೆದಿದೆಯೋ ಅದೇ ಗ್ರೇಡ್ ತೆಗೆದುಕೊಳ್ಳಿ, ದೇಶಪ್ರೇಮದಲ್ಲಿ ಗ್ರೇಡ್ ಬದಲಾಯಿಸಿ ಎಂಜಿನ್ ಹಾಳು ಮಾಡಿಕೊಳ್ಳಬೇಡಿ. ಬಿಲ್ ಕೇಳಿ ತೆಗೆದುಕೊಳ್ಳಿ, ಡುಪ್ಲಿಕೇಟ್ ತುಂಬಾ ಓಡುತ್ತಿದೆ.

ಗಡಿಯಾಚೆ ಈಚೆ:

ಆಯಿಲ್ ಚೇಂಜ್ ಮಾಡುವಾಗ ಫಿಲ್ಟರೂ ಬದಲಾಯಿಸಿ ಪಿಕಪ್ ಅಣ್ಣ. ಅದು ಯಾವ ದೇಶದ್ದು ಅಂತ ಮಾತ್ರ ಇಲ್ಲಿ ಕೇಳಬೇಡಿ, ಮತ್ತೆ ಶುರುವಾಗುತ್ತದೆ.