12 ಅಡಿ ಕೋಣೆಯಲ್ಲಿ ಡಗ್ಗಾ ಗುಂಯ್‌ಗುಡುತ್ತದೆ, ಪದಗಳು ಕೇಳಿಸುವುದಿಲ್ಲ: ಸ್ಪೀಕರ್ ಎಲ್ಲಿಡಬೇಕು?

ಪ್ರಶ್ನೆ (ರಾಯಚೂರಿನಿಂದ)

ನಮ್ಮ ಕೋಣೆ 12 ಅಡಿ ಉದ್ದ, 10 ಅಡಿ ಅಗಲವಿದ್ದು, ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದೆ, ಮೇಲೆ ಆರ್‌ಸಿಸಿ ಛಾವಣಿ ಇದೆ. ಒಂದು ಸ್ಪೀಕರ್ ಮೂಲೆಯ ಅಲಮಾರದ ಮೇಲೆ, ಇನ್ನೊಂದು ಕಿಟಕಿಯ ಕಟ್ಟೆಯ ಮೇಲೆ ಇದೆ. ನಾನು ಎದುರಿನ ಗೋಡೆಗೆ ಒರಗಿ ದಿವಾನದ ಮೇಲೆ ಕುಳಿತು ಕೇಳುತ್ತೇನೆ. ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ಹಾಕಿದರೆ ತಬಲಾ ಜೋಡಿಯಲ್ಲಿ ಮಂದ್ರ ದನಿಯದಾದ ಡಗ್ಗಾದ ಪೆಟ್ಟು ಕೋಣೆಯಲ್ಲೇ ಸುತ್ತುತ್ತ ವಚನದ ಪದಗಳನ್ನು ನುಂಗಿಬಿಡುತ್ತದೆ. ಬಾಸ್ ತಗ್ಗಿಸಿದರೆ ಕಂಠದ ತುಂಬುತನವೂ ಹೋಗುತ್ತದೆ. ಹೊಸ ಸ್ಪೀಕರ್ ಕೊಳ್ಳಬೇಕೇ?

ಉತ್ತರ (ಬಳ್ಳಾರಿಯಿಂದ)

ದಯವಿಟ್ಟು ಕೊಳ್ಳಬೇಡಿ, ತೊಂದರೆ ಇರುವುದು ಜಾಗದಲ್ಲಿ. 12 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ (ಸೆಕೆಂಡಿಗೆ 47 ಕಂಪನಗಳ) ನಾದವೂ ಅದರ ಇಮ್ಮಡಿಯಾದ 94 ಹರ್ಟ್ಸ್‌ನದೂ ಹಿಂದಕ್ಕೂ ಮುಂದಕ್ಕೂ ಪುಟಿದು ನಿಂತುಬಿಡುತ್ತವೆ, ಮತ್ತು ಅವುಗಳ ಒತ್ತಡ ಅತಿ ಹೆಚ್ಚಾಗಿರುವುದು ಗೋಡೆಯ ಬುಡದಲ್ಲೇ. ಮೂಲೆಯಲ್ಲಿಟ್ಟ ಸ್ಪೀಕರ್ ಆ ನಾದಗಳನ್ನು ಬಲವಾಗಿ ಎಬ್ಬಿಸುತ್ತದೆ, ಗೋಡೆಗೆ ಒರಗಿದ ಕಿವಿ ಅವನ್ನೇ ಹೆಚ್ಚಾಗಿ ಕೇಳುತ್ತದೆ.

ಎರಡನ್ನೂ 10 ಅಡಿಯ ಗೋಡೆಯ ಕಡೆಗೆ ತನ್ನಿ. ಸ್ಪೀಕರಿನ ಮುಖ ಹಿಂಬದಿಯ ಗೋಡೆಯಿಂದ ಎರಡೂವರೆ ಅಡಿ ಮುಂದಿರಲಿ, ಪಕ್ಕದ ಗೋಡೆಗಳಿಂದ ಎರಡೆರಡು ಅಡಿ ಬಿಡಿ. ಆಗ ಅವುಗಳ ನಡುವೆ ಆರು ಅಡಿ ಉಳಿಯುತ್ತದೆ. ನೀವು ನಿಮ್ಮ ಬೆನ್ನಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಬಂದು ಕುಳಿತರೆ, ಪ್ರತಿ ಸ್ಪೀಕರಿಗೂ ಹೆಚ್ಚುಕಡಿಮೆ ಆರೇ ಅಡಿಯಾಗಿ ಸಮತ್ರಿಕೋನ ಸಿದ್ಧವಾಗುತ್ತದೆ. ಕೋಣೆಯ ನಟ್ಟನಡುವೆ ಮಾತ್ರ ಕೂರಬೇಡಿ, ಅಲ್ಲಿ 47 ಹರ್ಟ್ಸ್ ಬಹುಮಟ್ಟಿಗೆ ಇಲ್ಲವಾಗುತ್ತದೆ. ಕುಳಿತಾಗ ನೆಲದಿಂದ ಕಿವಿಯ ಎತ್ತರವನ್ನು ಟೇಪಿನಿಂದ ಅಳೆದು, ಟ್ವೀಟರ್ (ಮೇಲುಸ್ವರ ಹೊರಡಿಸುವ ಚಿಕ್ಕ ಘಟಕ) ಅದೇ ಎತ್ತರಕ್ಕೆ ಬರುವಂತೆ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ.

ಪ್ರಶ್ನಿಸಿದವರು

ಹಾಗೆಯೇ ಇಟ್ಟೆ. ಗುಂಯ್‌ಗುಡುವುದು ನಿಂತಿತು, ಆದರೆ ಡಗ್ಗಾ ತೀರ ತೆಳುವಾಗಿದೆ, ಕಂಠ ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯುತ್ತಿಲ್ಲ.

ಉತ್ತರ

ಇವೆರಡೂ ಒಟ್ಟಿಗೆ ಕಂಡರೆ ಒಂದು ಸ್ಪೀಕರಿನ ವೈರು ತಿರುಗಾಮುರುಗಾ ಆಗಿರುತ್ತದೆ: ಒಂದರ ಪೊರೆ ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ, ಕೆಳಸ್ವರಗಳು ಒಂದನ್ನೊಂದು ಅಳಿಸುತ್ತವೆ. ಆಂಪ್ಲಿಫೈಯರ್ ಆರಿಸಿ, ಎರಡೂ ತುದಿಗಳಲ್ಲಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದೆಯೇ ನೋಡಿ.

ಪ್ರಶ್ನಿಸಿದವರು

ಎಡಗಡೆಯ ಸ್ಪೀಕರಿನ ಹಿಂದೆ, ಕೆಂಪು ಗೆರೆಯಿದ್ದ ಎಳೆ ಕಪ್ಪು ತಿರುಪಿನಡಿ ಸಿಕ್ಕಿಕೊಂಡಿತ್ತು. ಬದಲಿಸಿದೆ. ಈಗ ಕಂಠ ಎರಡೂ ಸ್ಪೀಕರುಗಳ ನಡುವೆ, ಎದುರಿಗೇ ಕುಳಿತು ಹಾಡಿದಂತೆ ನಿಂತಿದೆ. ಒಂದೇ ಉಳಿದಿದೆ: ಚಪ್ಪಾಳೆ ತಟ್ಟಿದರೆ ಗೋಡೆಗಳ ನಡುವೆ ಕಿಣಿಕಿಣಿ ಎನ್ನುತ್ತದೆ. ನಾಲ್ಕೂ ಕಡೆ ಕಂಬಳಿ ಹೊದಿಸಲೇ?

ಉತ್ತರ

ನಾಲ್ಕೂ ಕಡೆ ಬೇಡ. ಕಂಬಳಿ ಮೇಲುಸ್ವರಗಳನ್ನಷ್ಟೇ ಹೀರುತ್ತದೆ, ಕೆಳಗಿನವನ್ನು ಮುಟ್ಟುವುದಿಲ್ಲ. ಅತಿಯಾದರೆ ತಂಬೂರಿಯ ಜೀವಾಳಿಯ ಝೇಂಕಾರವೇ ಮಂಕಾಗುತ್ತದೆ. ನೀವು ಕುಳಿತಿರಿ, ಮನೆಯವರೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತ ಹೋಗಲಿ. ಅದರಲ್ಲಿ ಸ್ಪೀಕರ್ ಕಾಣಿಸಿದ ಜಾಗದಲ್ಲಿ ಮಡಿಸಿದ ಕಂಬಳಿಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿ, ಇನ್ನೊಂದು ಪಕ್ಕದ ಗೋಡೆಗೂ ಹಾಗೆಯೇ ಮಾಡಿ. ಸ್ಪೀಕರಿಗೂ ನಿಮಗೂ ನಡುವಿನ ಕಲ್ಲುನೆಲಕ್ಕೆ ಒಂದು ಜಮಖಾನೆ ಸಾಕು.